ಮಂಡಿ ಸವೆತಕ್ಕೆ ಚೀನೀ ವೈದ್ಯ: ಏನು ಮಾಡುತ್ತಾರೆ, ಎಷ್ಟು ನಂಬಬಹುದು?

ಮಂಡಿ ಸವೆತಕ್ಕೆ ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಪರಿಹಾರವಿದೆಯೇ ಎಂದು ಕೇಳಿದ್ದೀರಿ. ಆ ಪದ್ಧತಿಯ ಪ್ರಕಾರ ಗಾಳಿ, ಶೀತ, ತೇವ ಕೀಲಿನಲ್ಲಿ ನೆಲೆಸಿ ರಕ್ತದ ಮತ್ತು ‘ಚಿ’ ಎಂಬ ಪ್ರಾಣಶಕ್ತಿಯ ಹರಿವನ್ನು ತಡೆಯುತ್ತವೆ. ಅದಕ್ಕೆಂದೇ ಮಂಡಿಚಿಪ್ಪಿನ ಸುತ್ತ ಅಕ್ಯುಪಂಕ್ಚರ್ ಸೂಜಿ ಚುಚ್ಚುತ್ತಾರೆ, ಮಾಚಿಪತ್ರೆಯ ಜಾತಿಯ ಒಣ ಎಲೆಯನ್ನು ಚರ್ಮದ ಹತ್ತಿರ ಉರಿಸಿ ಶಾಖ ಕೊಡುತ್ತಾರೆ, 7ನೇ ಶತಮಾನದ ವೈದ್ಯ ಸುನ್ ಸಿಮಿಯಾವೊ ದಾಖಲಿಸಿದ ‘ದುಹುವೊ ಜಿಶೆಂಗ್’ ಕಷಾಯ ಕುಡಿಸುತ್ತಾರೆ.

ನನಗೆ ಹೆಚ್ಚು ಭರವಸೆ ಇರುವುದು ಚೀನಾದ್ದೇ ಆದ ತೈ ಚಿ ವ್ಯಾಯಾಮದ ಮೇಲೆ. 204 ರೋಗಿಗಳಿದ್ದ ಅಮೆರಿಕದ ಒಂದು ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು: 12 ವಾರಗಳ ತೈ ಚಿ, ಫಿಸಿಯೋಥೆರಪಿಯಷ್ಟೇ ನೋವು ತಗ್ಗಿಸಿತ್ತು. ನಿಧಾನವಾಗಿ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿಸುವ ಈ ಚಲನೆಗಳು ತೊಡೆಯ ಸ್ನಾಯುಗಳನ್ನು ಬಲಪಡಿಸುತ್ತವೆ, ಸಮತೋಲನವನ್ನೂ ಸುಧಾರಿಸುತ್ತವೆ. 2019ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಮಂಡಿ ಸವೆತಕ್ಕೆ ತೈ ಚಿಯನ್ನು ಬಲವಾಗಿ ಶಿಫಾರಸು ಮಾಡಿತು. ಅಕ್ಯುಪಂಕ್ಚರ್‌ಗೆ ಅದು ಕೊಟ್ಟದ್ದು ಷರತ್ತಿನ ಒಪ್ಪಿಗೆ ಮಾತ್ರ. ಬ್ರಿಟನ್ನಿನ 2022ರ ಮಾರ್ಗಸೂಚಿ ಅದನ್ನು ಬೇಡವೆಂದೇ ಹೇಳಿದೆ. ಹೋಲಿಕೆಗಾಗಿ ಬರೀ ಚುಚ್ಚಿದಂತೆ ಮಾಡುವ ಹುಸಿ ಸೂಜಿಗೂ ನಿಜವಾದ ಸೂಜಿಗೂ ಕಂಡುಬಂದ ವ್ಯತ್ಯಾಸ ಅಷ್ಟು ಸಣ್ಣದು.

ಸವೆದ ಮೃದ್ವಸ್ಥಿಯನ್ನು ಇವುಗಳಲ್ಲಿ ಯಾವುದೂ ಮರಳಿ ಬೆಳೆಸುತ್ತದೆಂದು ಸಾಬೀತಾಗಿಲ್ಲ. ಮೂಲಿಕೆಗಳ ವಿಷಯದಲ್ಲಂತೂ ದಯವಿಟ್ಟು ಎಚ್ಚರವಹಿಸಿ: ಕೀಲುನೋವಿನ ಕೆಲವು ಚೀನೀ ಔಷಧಗಳಲ್ಲಿ ವತ್ಸನಾಭಿ ಎಂಬ ವಿಷಸಸ್ಯದ ಬೇರು ಇರುತ್ತದೆ, ಸರಿಯಾಗಿ ಸಂಸ್ಕರಿಸದಿದ್ದರೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಕಷಾಯ ಮುಟ್ಟಬಾರದು.