ಲಡಾಖ್‌ಗೆ 25 ಟನ್ನಿನ ಟ್ಯಾಂಕ್ ಯಾಕೆ?

ಪ್ರಶ್ನೆ: ನಮ್ಮ ಸೈನ್ಯದಲ್ಲಿ ಟಿ-90, ಅರ್ಜುನ್ ಅಂಥ ದೊಡ್ಡ ಟ್ಯಾಂಕ್‌ಗಳಿವೆ. ಈಗ ‘ಜೋರಾವರ್’ ಅಂತ 25 ಟನ್ನಿನ ಚಿಕ್ಕ ಟ್ಯಾಂಕ್ ಮಾಡಿದ್ದಾರಲ್ಲ, ತೆಳು ಕವಚದ ಗಾಡಿಯಲ್ಲಿ ನಮ್ಮ ಹುಡುಗರನ್ನು ಕೂರಿಸುವುದು ಸರಿಯಾ?
— ಓದುಗರು, ಸಿಂಧನೂರು

ಉತ್ತರ: ನೀವು ಭತ್ತದ ಊರಿನವರು. ಗದ್ದೆ ಹಸಿ ಇದ್ದಾಗ ಟೈರಿನ ಹಾರ್ವೆಸ್ಟರ್ ಬಿಟ್ಟು ಚೈನಿನದ್ದನ್ನೇ ಕರೆಸುತ್ತೀರಿ, ಅಲ್ವಾ? ಯಾವ ಮಿಷನ್ ದೊಡ್ಡದು ಅಂತ ಅಲ್ಲಿ ಯಾರೂ ನೋಡುವುದಿಲ್ಲ, ಯಾವುದು ಹೂತುಕೊಳ್ಳದೆ ಕೆಲಸ ಮುಗಿಸುತ್ತದೆ ಅಂತ ನೋಡುತ್ತಾರೆ. ಲಡಾಖ್‌ನಲ್ಲೂ ಮಾತು ಅದೇ.

ಅಲ್ಲಿ ಚೀನಾ ಗಡಿಯ ಪಕ್ಕದ ಚುಶೂಲ್ ಹತ್ತಿರ 4,300 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನಮ್ಮ ಬಯಲುಸೀಮೆಯ ಶೇ. 60ರ ಆಸುಪಾಸು. ಬೈಕಿನಲ್ಲಿ ಖಾರ್‌ದುಂಗ್ ಲಾ ಹತ್ತಿದವರನ್ನು ಕೇಳಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೂ ಗಾಡಿ ಎಳೆಯುವುದಿಲ್ಲ ಅನ್ನುತ್ತಾರೆ. ಮನುಷ್ಯನಿಗೆ ಏದುಸಿರು ಬರುವ ಹಾಗೆ ಎಂಜಿನ್‌ಗೂ ಬರುತ್ತದೆ. ಟಿ-90ರ ತೂಕ ಸುಮಾರು 46 ಟನ್, ಎಂಜಿನ್ 1,000 ಹಾರ್ಸ್ ಪವರ್, ಅಂದರೆ ಒಂದು ಟನ್‌ಗೆ 22ರಷ್ಟು. ಜೋರಾವರ್‌ನದು 760 ಹಾರ್ಸ್ ಪವರ್, ತೂಕ 25 ಟನ್. ಭಾಗಿಸಿ ನೋಡಿ, 30 ಬರುತ್ತದೆ. ಎತ್ತರದಲ್ಲಿ ಎಂಜಿನ್ ಸೊರಗಿದ ಮೇಲೂ ಏರು ಹತ್ತಲು ಶಕ್ತಿ ಉಳಿಯುವುದು ಇದರಿಂದಲೇ. ಸೇತುವೆಗೂ ಮಣ್ಣಿನ ರಸ್ತೆಗೂ ಭಾರ ಕಡಿಮೆ, ವಾಯುಪಡೆಯ ದೊಡ್ಡ ಸರಕು ವಿಮಾನ ಸಿ-17ರಲ್ಲಿ ಒಂದೇ ಸಲಕ್ಕೆ ಎರಡು ಒಯ್ಯಬಹುದು.

ಇದು ಹೊಸದಾಗಿ ಹೊಳೆದ ವಿಷಯವೂ ಅಲ್ಲ. 1962ರಲ್ಲಿ ಚುಶೂಲ್‌ಗೆ ವಿಮಾನದಲ್ಲಿ ಇಳಿಸಿದ್ದು ಎಎಂಎಕ್ಸ್-13 ಅನ್ನುವ ಫ್ರಾನ್ಸಿನ ಹಗುರ ಟ್ಯಾಂಕ್‌ಗಳನ್ನೇ. ಆಮೇಲೆ ಅವು ಹಳತಾಗಿ ಹೋದವು, ಜಾಗ ತುಂಬಲಿಲ್ಲ. 2020ರ ಗಾಲ್ವಾನ್ ಘರ್ಷಣೆಯ ಹೊತ್ತಿಗೆ ಚೀನಾದ ಹತ್ತಿರ 33 ಟನ್ ಆಸುಪಾಸಿನ ಟೈಪ್-15 ಇತ್ತು, ನಾವು ಮರುಭೂಮಿ ಮತ್ತು ಬಯಲಿಗೆ ಅಂತ ತಂದಿದ್ದ ಟಿ-72, ಟಿ-90ಗಳನ್ನೇ ಬೆಟ್ಟ ಹತ್ತಿಸಬೇಕಾಯಿತು. ಅವನ್ನು ಅಲ್ಲಿ ಓಡಿಸಿದವರ ಧೈರ್ಯಕ್ಕೆ ಕೈ ಮುಗಿಯಬೇಕು. ಆದರೆ ಸರಿಯಾದ ಗಾಡಿ ಕೊಡುವುದು ನಮ್ಮ ಹೊಣೆಯಾಗಿತ್ತು, ಅದನ್ನು ನಾವು ಇಷ್ಟು ವರ್ಷ ಮುಂದೂಡಿದ್ದು ತಪ್ಪು.

ಕವಚದ ವಿಷಯ ನೀವು ಹೇಳಿದ್ದು ನಿಜ. ದೊಡ್ಡ ಟ್ಯಾಂಕಿನ ಗುಂಡು ನೇರವಾಗಿ ಬಡಿದರೆ 25 ಟನ್ನಿನ ಗಾಡಿ ತಡೆಯುವುದು ಕಷ್ಟ. ಅದಕ್ಕೇ ಹಗುರ ಟ್ಯಾಂಕಿನ ಜೀವ ಇರುವುದು ಓಟದಲ್ಲಿ, ಮರೆಯಲ್ಲಿ, ಮೊದಲು ನೋಡಿ ಮೊದಲು ಹೊಡೆಯುವುದರಲ್ಲಿ. ಬಯಲಲ್ಲಿ ಟಿ-90ರ ಎದುರು ನಿಲ್ಲಿಸಲು ಇದನ್ನು ಮಾಡಿಲ್ಲ. ಆದರೆ ಕಣಿವೆಯಲ್ಲಿ ಸಿಕ್ಕಿಕೊಂಡು ಅಲುಗಾಡದೆ ನಿಂತ ಭಾರಿ ಟ್ಯಾಂಕಿನಲ್ಲಿ ಕೂತ ಹುಡುಗರಿಗೆ ದಪ್ಪ ಕವಚವೊಂದೇ ಎಷ್ಟು ಹೊತ್ತು ರಕ್ಷಣೆ ಕೊಟ್ಟೀತು?

ಪ್ರಶ್ನೆ: ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಟ್ಯಾಂಕ್‌ಗಳನ್ನು ಹಿಮಾಲಯ ಹತ್ತಿಸಿದ್ದರು ಅಂತ ತಾತ ಹೇಳುತ್ತಿದ್ದರು. ನಿಜವೇ?
— ಓದುಗರು, ಮಡಿಕೇರಿ

ಉತ್ತರ: ಪೂರ್ತಿ ನಿಜ. ಅವು ಕೂಡ ಹಗುರ ಟ್ಯಾಂಕ್‌ಗಳೇ, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್‌ಗಳು. 1948ರಲ್ಲಿ ಜೋಜಿ ಲಾ ಕಣಿವೆದಾರಿಯನ್ನು ಪಾಕಿಸ್ತಾನದ ಕಡೆಯವರು ಹಿಡಿದಿದ್ದರು, ಲೇಹ್‌ಗೆ ಹೋಗುವ ದಾರಿ ಬಂದಾಗಿತ್ತು. ಟ್ಯಾಂಕ್ ಬರುತ್ತಿರುವ ಸುಳಿವು ಸಿಗಬಾರದು ಅಂತ ಫಿರಂಗಿ ಇರುವ ಮೇಲಿನ ತಲೆಭಾಗವನ್ನೇ ಕಳಚಿ ಸಾಗಿಸಿದರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವ ದಾರಿಯಷ್ಟೇ ಇತ್ತು. ಅದನ್ನು ಕಡಿದು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್‌ಗಳು, ಇವತ್ತೂ ಬೆಂಗಳೂರಿನಲ್ಲೇ ಕೇಂದ್ರ ಇರುವ ಪಡೆ. ನವೆಂಬರ್ 1ರಂದು, ಹಿಮದ ನಡುವೆ, 3,500 ಮೀಟರ್ ಎತ್ತರದಲ್ಲಿ ಟ್ಯಾಂಕ್‌ಗಳು ಎದುರಿಗೆ ಬಂದು ನಿಂತಾಗ ಮೇಲಿದ್ದವರಿಗೆ ನಂಬಲೇ ಆಗಲಿಲ್ಲ. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಹಿಂದೆ ಕೂತು ಆಜ್ಞೆ ಕೊಡಲಿಲ್ಲ, ತಾವೇ ಮುಂದಿನ ಟ್ಯಾಂಕಿನಲ್ಲಿ ಹೋದರು. ನಿಮ್ಮ ತಾತ ಹೇಳಿದ್ದನ್ನು ಮನೆಯ ಮಕ್ಕಳಿಗೂ ಹೇಳಿ.

ಪ್ರಶ್ನೆ: ಜೋರಾವರ್‌ನ ಎಂಜಿನ್ ಅಮೆರಿಕದ್ದು, ಫಿರಂಗಿ ಬೆಲ್ಜಿಯಂನದ್ದು. ಮತ್ತೆ ಸ್ವದೇಶಿ ಹೇಗೆ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಒಳ್ಳೆಯ ಪ್ರಶ್ನೆ. ವಿನ್ಯಾಸ ಚೆನ್ನೈ ಹತ್ತಿರದ ಆವಡಿಯಲ್ಲಿರುವ ಡಿಆರ್‌ಡಿಒ ಪ್ರಯೋಗಾಲಯದ್ದು, ಕಟ್ಟಿದ್ದು ಗುಜರಾತಿನ ಹಜೀರಾದಲ್ಲಿ ಎಲ್ ಆ್ಯಂಡ್ ಟಿ. 105 ಮಿಲಿಮೀಟರ್ ಫಿರಂಗಿಯ ತಲೆಭಾಗ ಬೆಲ್ಜಿಯಂನ ಜಾನ್ ಕಾಕೆರಿಲ್ ಕಂಪನಿಯದು, ಎಂಜಿನ್ ಕಮ್ಮಿನ್ಸ್. ಮೊದಲು ಜರ್ಮನ್ ಎಂಜಿನ್ ಹಾಕಬೇಕು ಅಂತಿತ್ತು, ಅಲ್ಲಿಂದ ಅನುಮತಿ ತಡವಾಯಿತು, ಅದಕ್ಕೇ ಬದಲಾಯಿಸಿದರು. ಬೇರೆ ದೇಶದ ಎಂಜಿನ್ ನಂಬಿಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ? ಅರ್ಜುನ್‌ನಲ್ಲೂ ಜರ್ಮನ್ ಎಂಜಿನ್ನೇ ಇದೆ. ಪೂರ್ತಿ ಸ್ವದೇಶಿ ಅಂತ ನಾನು ಹೇಳುವುದಿಲ್ಲ.

ಆದರೂ ಒಂದು ವಿಷಯ ನನಗೆ ಖುಷಿ ಕೊಟ್ಟಿದೆ. ಅರ್ಜುನ್‌ಗೆ 1974ರಲ್ಲಿ ಮಂಜೂರಾತಿ ಸಿಕ್ಕಿತು, ಸೈನ್ಯಕ್ಕೆ ಸೇರುವ ಹೊತ್ತಿಗೆ 2004 ಆಗಿತ್ತು. ಜೋರಾವರ್ 2024ರ ಜುಲೈನಲ್ಲಿ ಜನರ ಕಣ್ಣಿಗೆ ಬಿತ್ತು, ಸೆಪ್ಟೆಂಬರ್‌ನಲ್ಲಿ ಮರುಭೂಮಿಯಲ್ಲಿ ಪರೀಕ್ಷೆ, ಡಿಸೆಂಬರ್‌ನಲ್ಲಿ 4,200 ಮೀಟರ್‌ಗಿಂತ ಎತ್ತರದಲ್ಲಿ ಬೇರೆ ಬೇರೆ ದೂರಕ್ಕೆ ಗುಂಡು ಹಾರಿಸಿತು. ಸೈನ್ಯಕ್ಕೆ ಬೇಕಾಗಿರುವುದು ಒಟ್ಟು 354, ಅದರಲ್ಲಿ ಮೊದಲ 59 ಈ ಜೋರಾವರ್‌ಗೆ ಮೀಸಲು.