ಜಾಹೀರಾತು ಜಾಸ್ತಿ ಇದ್ದರೆ ಆಟ ದೊಡ್ಡದಾ?

ತೀರ್ಥಹಳ್ಳಿ ಕಡೆಯವರೇ, ಹೊನಲು ಬೆಳಕಿನ ಕಬಡ್ಡಿಗೆ ರಾತ್ರಿಯಿಡೀ ನಿಲ್ಲುವ ಹುಡುಗರೂ 'ಫಿಟ್‌ನೆಸ್ ಅಂದ್ರೆ ಕ್ರಿಕೆಟ್ನೋರು' ಅನ್ನೋದ್ಯಾಕೆ ಅಂತ ಕೇಳಿದ್ದೀರಿ.

ಮುಖ್ಯ ಕಾರಣ ಆಟದೊಳಗಿನ ಬಿಡುವು. ಟಿ20ಯಲ್ಲಿ ಇನಿಂಗ್ಸ್‌ಗೆ 20 ಓವರ್, ಪ್ರತಿ ಓವರ್ ಮುಗಿದಾಗ ಜಾಹೀರಾತಿಗೆ ಜಾಗ. ಐಪಿಎಲ್‌ನಲ್ಲಿ ಎರಡೂವರೆ ನಿಮಿಷದ ಟೈಮ್‌ಔಟ್ ಬೇರೆ. ಆ ಜಾಹೀರಾತಲ್ಲಿ ಅದೇ ಕ್ರಿಕೆಟ್ ಆಟಗಾರ ಜಿಮ್‌ನಲ್ಲಿ ಬೆವರುತ್ತಾ ಶೂ ಮಾರ್ತಾನೆ. ಹುಡುಗರ ತಲೆಯಲ್ಲಿ ಉಳಿಯೋದು ಆ ಬೆವರು. ಕಬಡ್ಡಿಯಲ್ಲಿ 30 ಸೆಕೆಂಡಿನ ರೈಡ್ (ಎದುರಿನವರ ಅಂಗಳಕ್ಕೆ ನುಗ್ಗೋ ದಾಳಿ) ಮುಗೀತಿದ್ದಂಗೆ ಎದುರು ತಂಡದ ರೈಡ್. ರೈಡ್‌ಗಳ ನಡುವೆ ಜಾಹೀರಾತು ತೂರಿಸೋದಾದ್ರೂ ಎಲ್ಲಿ?

ಇನ್ನೊಂದು, ಕ್ಯಾಮೆರಾ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನಿಗೆ ಬೋನಸ್ ಅಂಕ ಸಿಗಬೇಕಾದರೆ ಎದುರು ಕನಿಷ್ಠ 6 ಜನ ಇರಬೇಕು, ಒಂದು ಕಾಲು ಬೋನಸ್ ಗೆರೆ ದಾಟಿದಾಗ ಇನ್ನೊಂದು ನೆಲ ಬಿಟ್ಟಿರಬೇಕು. ಉಸಿರು ಬಿಡದೆ 'ಕಬಡ್ಡಿ' ಅನ್ನುತ್ತಾ, ಒಂಟಿ ಕಾಲಲ್ಲಿ, ಮೂಲೆಯಲ್ಲಿ ನಿಂತ ಎದುರಾಳಿ ಕಾಲ್ಗಂಟಿಗೆ ಬೀಳೋ ಮೊದಲು ಮೈ ಹಿಂದಕ್ಕೆ ಎಳೆದುಕೊಳ್ಳಬೇಕು. ಟಿವಿಯ ದೂರದ ಶಾಟ್‌ನಲ್ಲಿ ಇದು ಕಾಣಲ್ಲ. ಮುಂದಿನ ಟೂರ್ನಮೆಂಟ್‌ನಲ್ಲಿ ಆ ಹುಡುಗರನ್ನ ವೇದಿಕೆ ಹತ್ತಿರ ಬೇಡ, ಬೋನಸ್ ಗೆರೆಯ ನೇರಕ್ಕೆ ಕೂರಿಸಿ.

ಹಾಗಂತ ವೇಗದ ಬೌಲರ್‌ನ ಹಗುರ ಮಾಡಬೇಡಿ. ಎಸೆಯುವಾಗ ಮುಂದಿನ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತೆ.