ಹಳೇ ಬೀರುವಿನ ಮುಗ್ಗಲು ವಾಸನೆಗೆ ಒಳಗೆ ಏನು ಇಟ್ಟರೆ ಒಳ್ಳೆಯದು?

ಏನೂ ಇಡಬೇಡಿ. ಅಜ್ಜಿ ಮನೆಯಿಂದ ತಂದ ಮರದ ಬೀರು, ಬಾತ್‌ರೂಮ್ ಗೋಡೆಗೆ ತಾಗಿಸಿ ಇಟ್ಟಿದ್ದೇನೆ ಅಂತ ಬರೆದಿದ್ದೀರಿ. ಓದುತ್ತಿದ್ದ ಹಾಗೇ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಲಸಿನ ಬೀರು ನೆನಪಾಯಿತು.

ನಾನೂ ಕರ್ಪೂರ ಇಟ್ಟೆ, ಡಾಂಬರು ಗುಳಿಗೆ ಇಟ್ಟೆ. ವಾಸನೆ ಇನ್ನೂ ಕೆಟ್ಟಿತು. ಒಳಗೆಲ್ಲ ವಾರ್ನಿಷ್ ಹೊಡೆದುಬಿಟ್ಟರೆ ನಿಲ್ಲುತ್ತದೆ ಅಂದುಕೊಂಡೆ. ಆಗ ಜುಲೈ. "ಮಳೆ ಬಿಡಲಿ, ಮರ ಒಣಗಲಿ" ಅಂದರು ಮರಗೆಲಸದ ಆಚಾರ್ರು. ನಾನು ಕೇಳಲಿಲ್ಲ.

ಇದೊಂದನ್ನು ಬಿಡಿಸಿ ಹೇಳಲೇಬೇಕು. ಎಷ್ಟು ಹಳೆಯದಾದರೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಲೆನಾಡಿನ ಜುಲೈನಲ್ಲಿ ಹೀರುವುದೇ ಜಾಸ್ತಿ. ಅಂಥ ಹೊತ್ತಿನಲ್ಲಿ ವಾರ್ನಿಷ್ ಹಚ್ಚಿದೆ, ಹೀರಿದ ನೀರಿಗೆ ಆ ಕಡೆಯ ದಾರಿ ಮುಚ್ಚಿತು. ಬೆನ್ನಿನ ಹಲಗೆಗೆ ಯಾರೂ ಪಾಲಿಷ್ ಹಾಕಿರಲಿಲ್ಲ, ಅದು ಗೋಡೆಯ ತೇವ ಕುಡಿಯುತ್ತಲೇ ಇತ್ತು. ಮುಗ್ಗಲು ವಾಸನೆ ಅಂದರೆ ಬೂಷ್ಟಿನ ವಾಸನೆ. ಅದಕ್ಕೆ ಬೇಕಾದದ್ದು ತೇವ ಮತ್ತು ಆಡದ ಗಾಳಿ. ಸೆಪ್ಟೆಂಬರ್‌ನಲ್ಲಿ ಬಾಗಿಲು ತೆಗೆದರೆ ವಾರ್ನಿಷ್ ಅಡಿಯಲ್ಲಿ ಬಿಳಿ ಬಿಳಿ ಚುಕ್ಕೆ. ಉಗುರು ತಾಗಿಸಿದರೆ ಈರುಳ್ಳಿ ಸಿಪ್ಪೆ ಹಾಗೆ ಏಳುತ್ತಿತ್ತು. ಕೆಳಗಿನ ಖಾನೆಯಲ್ಲಿ ಅಜ್ಜಿಯ ಧಾರೆ ಸೀರೆ ಇತ್ತು. ಮಡಿಕೆಯ ಉದ್ದಕ್ಕೂ ಕಂದು ಕಲೆ, ಏನು ಮಾಡಿದರೂ ಹೋಗಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಫೆಬ್ರವರಿಯಲ್ಲಿ ಆಚಾರ್ರನ್ನೇ ಕರೆದು ಎಲ್ಲ ಕೆರೆಸಿದೆ. ಡ್ರಾಯರ್‌ಗಳನ್ನು ಹೊರಗೆ ತೆಗೆದು, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿದೆವು. ಡ್ರಾಯರ್ ಅಡಿಭಾಗ ಮರೆಯಬೇಡಿ, ಅಲ್ಲೇ ಜಾಸ್ತಿ ಇರುತ್ತದೆ. ಗಾಳಿ ಆಡುವ ನೆರಳಲ್ಲಿ ಹತ್ತು ದಿನ ಒಣಗಿಸಿದೆವು. ಸುಡುಬಿಸಿಲು ಬೇಡ, ಹಳೇ ಹಲಗೆ ಸೀಳುತ್ತದೆ. ಆಮೇಲೆ ಉಪ್ಪು ಕಾಗದ ತಿಕ್ಕಿ, ಮುಂದೆ ಹಿಂದೆ ಎರಡೂ ಕಡೆ ಅರಗಿನ ಪಾಲಿಷ್ ಹಾಕಿಸಿದೆ. ತಿಕ್ಕುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ. ಈಗ ಬೀರು ಗೋಡೆಯಿಂದ ನಾಲ್ಕು ಬೆರಳು ದೂರ ನಿಂತಿದೆ.

ಅಡುಗೆ ಸೋಡಾ, ಇದ್ದಿಲು ಎಲ್ಲ ಒಣಗಿದ ಮೇಲಿನ ಮಾತು. ನಿಮ್ಮ ಬೀರುವನ್ನು ಮೊದಲು ಆ ಗೋಡೆಯಿಂದ ಎಳೆದು, ಹಿಂದಿನ ಗೋಡೆ ಮುಟ್ಟಿ ನೋಡಿ. ಒದ್ದೆ ಇದ್ದರೆ ಪ್ಲಂಬರ್‌ನ ಕರೆಸಿ. ಆಚಾರ್ರು ಆಮೇಲೆ ಬರಲಿ.